ಮುಂದಿನ ಸೀಟಿಗೆ ಎರಡು ಕ್ಲಿಪ್ಪು

ಆರು ಸೀಟಿನದೋ ಏಳು ಸೀಟಿನದೋ ಎಂಬ ಒಂದೇ ಪ್ರಶ್ನೆಗೆ ಆ ಕುಟುಂಬ ಮೂರು ಶನಿವಾರ ತೆಗೆದುಕೊಂಡಿತು. ಕೊನೆಗೆ ಅದು ತೀರ್ಮಾನವಾದದ್ದು ಒಂದು ಭಾನುವಾರ, ಶೋರೂಮಿನಲ್ಲಲ್ಲ, ವಡಾಲದ ಬಂದರಿನ ಕಡೆಯ ರಸ್ತೆಯಲ್ಲಿ.

ಮುಂಬೈಯ ಬಾಂದ್ರಾದ ಕಾರು ಶೋರೂಮಿನಲ್ಲಿ ನನ್ನ ಕೆಲಸವೇ ಈ ತೀರ್ಮಾನಗಳದ್ದು. ಗಿರಾಕಿಗಳನ್ನು ದೊಡ್ಡ ಪರದೆಯ ಮುಂದೆ ಕೂರಿಸಿ, ಹೊರಗಿನ ಬಣ್ಣ, ಒಳಗಿನ ಚರ್ಮ, ಚಕ್ರ, ಸೀಟು, ಚಾವಣಿಯ ಗಾಜು ಎಂದು ಒಂದೊಂದನ್ನೇ ಆರಿಸಲು ನೆರವಾಗಿ, ಪಟ್ಟಿಗೆ ಸಹಿ ಹಾಕಿಸಿ ಕಾರ್ಖಾನೆಗೆ ಕಳಿಸಬೇಕು. ಕಾರ್ಖಾನೆಯವರು ಕೊಟ್ಟ ತಾರೀಕು ದಾಟಿದ ಮೇಲೆ ಹೊಲಿಗೆಯ ದಾರದ ಬಣ್ಣ ಕೂಡ ಬದಲಾಗುವುದಿಲ್ಲ. ಅಷ್ಟರೊಳಗೆ ಗಂಡ, ಹೆಂಡತಿ, ಅತ್ತೆ ಮೂವರನ್ನೂ ಒಂದೇ ಬಣ್ಣಕ್ಕೆ ಒಪ್ಪಿಸುವುದರಲ್ಲಿ ನಾನು ಹೆಸರು ಮಾಡಿದ್ದೆ. ಕನ್ನಡದ ಗಿರಾಕಿ ಬಂದರಂತೂ ಮ್ಯಾನೇಜರು ಕಣ್ಣು ಮುಚ್ಚಿಕೊಂಡು ನನ್ನ ಮೇಜಿಗೆ ಕಳಿಸುತ್ತಿದ್ದರು.

ಇವರು ಉಡುಪಿ ಕಡೆಯವರು. ಯಜಮಾನರಿಗೆ ಉಪನಗರಗಳಲ್ಲಿ ನಾಲ್ಕು ಹೋಟೆಲು. ಜೊತೆಗೆ ಹೆಂಡತಿ, ನಾಲ್ಕು ವರ್ಷದ ಮಗಳು ಮತ್ತು ತಾಯಿ. ತಾಯಿಯನ್ನು ನಾನೂ ಆ ಮಗುವಿನ ಹಾಗೆ ಅಜ್ಜಿ ಎಂದೇ ಕರೆದೆ. ಬಾಗಿಲ ಹತ್ತಿರ ಕೈಕಟ್ಟಿ ನಿಂತಿರುತ್ತಿದ್ದವರು ಅವರ ಡ್ರೈವರ್, ವಿಜಯಪುರದ ಕಡೆಯ ಗಟ್ಟಿಮುಟ್ಟಾದ ಮನುಷ್ಯ. ಎಷ್ಟು ಸಲ ಹೇಳಿದರೂ ಅವರು ಶೋರೂಮಿನ ಸೋಫಾದ ಮೇಲೆ ಕೂರಲಿಲ್ಲ.

ಮೊದಲ ಶನಿವಾರ ಎಲ್ಲವೂ ಸಲೀಸಾಗಿ ಹೋಯಿತು. ಹೊರಗೆ ಬಿಳಿ, ಒಳಗೆ ಕೆನೆ ಬಣ್ಣದ ಚರ್ಮ ಎಂದು ಹೆಂಡತಿ ಹೇಳಿದರು. ಎಣ್ಣೆ ಹಚ್ಚಿದ ತಲೆಗಳಿರುವ ಮನೆಗೆ ಕೆನೆ ಬಣ್ಣ ಯಾಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಯಜಮಾನರಿಗೆ ಹಿಂದಿನ ಸೀಟಿನವರಿಗಾಗಿ ಎರಡು ಟಿವಿ ಪರದೆ ಬೇಕಿತ್ತು, ಎಲ್ಲಕ್ಕಿಂತ ದೊಡ್ಡ ಚಕ್ರ ಬೇಕಿತ್ತು. ನಡುವಿನ ಸಾಲಿಗೆ ಬಿಡಿ ಕುರ್ಚಿಗಳಂಥ ಎರಡು ಸೀಟು ಹಾಕಿಸಿದರೆ ಗಾಡಿ ಆರು ಜನರದ್ದಾಗುತ್ತದೆ, ಉದ್ದನೆಯ ಬೆಂಚು ಹಾಕಿಸಿದರೆ ಏಳು ಜನರದ್ದು. ಊರಿನಿಂದ ಯಾರಾದರೂ ಬಂದರೆ ಎಂಬ ಲೆಕ್ಕದಲ್ಲಿ ಅವರ ಮನಸ್ಸು ಏಳರ ಕಡೆಗೆ ವಾಲಿತ್ತು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಇದರ ಮುಂದಿನ ಸೀಟು ಎಷ್ಟು ಅಗಲ ಉಂಟು?"

"ಯಾಕಜ್ಜಿ?"

"ನಾನು ಅಲ್ಲೇ ಕೂರುವುದು. ಹಿಂದೆ ಕೂತರೆ ನನಗೆ ವಾಂತಿ ಬರ್ತದೆ. ಮಗು ನನ್ನ ಮಡಿಲಲ್ಲಿ. ಹುಟ್ಟಿದಾಗಿನಿಂದ ಅವಳು ಕಾರಲ್ಲಿ ಬೇರೆ ಕಡೆ ಕೂತದ್ದೇ ಇಲ್ಲ."

ಪಟ್ಟಿಯಲ್ಲಿ ಮಕ್ಕಳ ಸೀಟು ಎಂಬ ಸಾಲು ಬಂದಾಗ ಯಜಮಾನರು ಕೈಯಾಡಿಸಿದರು. "ಅದು ಬೇಡ ಮೇಡಂ, ಕ್ಯಾನ್ಸಲ್ ಮಾಡಿ. ನಮ್ಮಲ್ಲಿ ಅಮ್ಮನ ಮಡಿಲೇ ಉಂಟಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕು ಆ ಸಾಲಿನ ಗುರುತು ತೆಗೆದೆ.

ಆಮೇಲೆ ಶೋರೂಮಿನ ಡೆಮೊ ಗಾಡಿಯಲ್ಲಿ ಒಂದು ಸುತ್ತು. ಅಜ್ಜಿ ಮುಂದೆ ಕೂತರು, ಮಗು ಮಡಿಲೇರಿತು. ಬೆಲ್ಟು ಹಾಕಿದರೆ ಮಗುವಿಗೆ ಒತ್ತುತ್ತದೆ ಎಂದು ಅಜ್ಜಿ ಹಾಕಲಿಲ್ಲ. ನೂರು ಅಡಿ ಹೋಗುವಷ್ಟರಲ್ಲಿ ಗಾಡಿ ಟಿಂಗ್ ಟಿಂಗ್ ಎಂದು ಶುರು ಮಾಡಿತು. ದುಬಾರಿ ಗಾಡಿಗಳು ಈ ವಿಷಯದಲ್ಲಿ ಬಹಳ ಹಟಮಾರಿ, ಬೆಲ್ಟು ಹಾಕುವ ತನಕ ಬಿಡುವುದಿಲ್ಲ.

"ಇದೆಂತ ಮಾರಾಯ್ತಿ, ಮಾತಾಡ್ಲಿಕ್ಕೇ ಬಿಡುದಿಲ್ಲ. ಈ ಗಾಡಿ ನನಗೆ ಬೇಡ" ಎಂದು ಅಜ್ಜಿ ಕಿವಿ ಮುಚ್ಚಿಕೊಂಡರು. ಯಜಮಾನರ ಮುಖ ನೋಡಿದೆ. ಆ ಮನೆಯಲ್ಲಿ ಅಜ್ಜಿ ಬೇಡವೆಂದದ್ದು ಬರುವುದಿಲ್ಲ ಎಂಬುದು ಅಲ್ಲೇ ತಿಳಿಯಿತು. ವಾಪಸು ಬಂದವಳೇ ನನ್ನ ಮೇಜಿನ ಖಾನೆ ಎಳೆದು ಒಂದು ಪುಟ್ಟ ವೆಲ್ವೆಟ್ ಚೀಲ ತೆಗೆದೆ.

ಅದರಲ್ಲಿದ್ದದ್ದು ಎರಡು ಕ್ಲಿಪ್ಪು. ಸೀಟ್ ಬೆಲ್ಟಿನ ತುದಿಯಲ್ಲಿ ಬಕಲ್ಲಿಗೆ ಸಿಕ್ಕಿಸುವ ಲೋಹದ ನಾಲಿಗೆ ಇರುತ್ತದಲ್ಲ, ಬೆಲ್ಟಿಲ್ಲದ ಬರೀ ನಾಲಿಗೆ. ಅದನ್ನು ಬಕಲ್ಲಿಗೆ ಒತ್ತಿದರೆ ಬೆಲ್ಟು ಹಾಕಿದ್ದಾರೆಂದು ಗಾಡಿ ನಂಬಿ ಸುಮ್ಮನಾಗುತ್ತದೆ. ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲ ಕಡೆ ಸಿಗುವ ವಸ್ತು. ಆದರೆ ನನ್ನವು ಬೇರೆ ಥರ. ಧಾರಾವಿಯ ಒಬ್ಬ ಚರ್ಮದ ಕೆಲಸದವರ ಹತ್ತಿರ ಕಂದು ಚರ್ಮದ ಸಣ್ಣ ಪಟ್ಟಿ ಮಾಡಿಸಿ, ಫೋನಿನಲ್ಲಿ ಹೊತ್ತು ಗೊತ್ತುಮಾಡುವಾಗಲೇ ಬುಕ್ಕಿಂಗ್ ಖಚಿತ ಎನಿಸಿದ ಮನೆಯವರ ಅಡ್ಡಹೆಸರಿನ ಮೊದಲ ಅಕ್ಷರವನ್ನು ಅದರ ಮೇಲೆ ದಾರದಲ್ಲಿ ಹೊಲಿಸಿ ಕ್ಲಿಪ್ಪಿಗೆ ಕಟ್ಟಿಸುತ್ತಿದ್ದೆ. ಆ ಉಪಾಯ ನನ್ನದೇ. ಬೇರೆ ಶೋರೂಮುಗಳಲ್ಲಿ ಕೀಚೈನ್ ಕೊಡುತ್ತಾರೆ, ನಮ್ಮಲ್ಲಿ ಇದು. ಬಹಳ ಜನ ಮೆಚ್ಚಿದ್ದರು. ಮ್ಯಾನೇಜರು ಒಂದು ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದ್ದರು.

ಕ್ಲಿಪ್ಪು ಒಳಗೆ ಹೋಯಿತು, ಗಾಡಿ ಸುಮ್ಮನಾಯಿತು. ಅಜ್ಜಿ ಪಟ್ಟಿಯ ಮೇಲಿನ ಅಕ್ಷರವನ್ನು ಬೆರಳಲ್ಲಿ ಸವರಿ "ಚಂದ ಉಂಟು" ಎಂದರು. ಯಜಮಾನರು ಅವತ್ತೇ ಬುಕ್ಕಿಂಗ್ ಫಾರಮಿಗೆ ಸಹಿ ಹಾಕಿದರು. ಸೀಟು ಮತ್ತು ಹಿಂದಿನ ಸಾಲಿನ ಸಲಕರಣೆಗಳನ್ನು ಆಮೇಲೆ ತೀರ್ಮಾನಿಸಿದರಾಯಿತು, ತಾರೀಕಿಗೆ ಇನ್ನೂ ಮೂರು ವಾರವಿದೆ ಎಂದೆ.

ಎರಡನೆಯ ಶನಿವಾರ ಕಳೆದು ನಾಲ್ಕು ದಿನಕ್ಕೆ ವಡಾಲದ ನಮ್ಮ ಯಾರ್ಡಿಗೆ ಹೋಗಬೇಕಾಯಿತು. ಹೊಸ ಗಾಡಿಗಳು ಬಂದಿಳಿಯುವುದು ಅಲ್ಲಿ. ಗಿರಾಕಿಗೆ ಕೊಡುವ ಮೊದಲು ಆರಿಸಿದ್ದೆಲ್ಲ ಬಂದಿದೆಯೇ ಎಂದು ಪಟ್ಟಿ ಹಿಡಿದು ನೋಡುವುದು ನನ್ನ ಜವಾಬ್ದಾರಿ. ಯಾರ್ಡಿನ ಹಿಂದಿನ ಗೋಡೆಗೆ ಒತ್ತಿ, ನೀಲಿ ತಾಡಪಾಲಿನ ಕೆಳಗೆ, ಅಪಘಾತದ ಗಾಡಿಗಳೂ ನಿಂತಿರುತ್ತವೆ. ಆ ಕಡೆ ನಾವು ಸೇಲ್ಸಿನವರು ಹೋಗುವುದಿಲ್ಲ. ಅವತ್ತು ವಿಮೆಯ ಸರ್ವೆಯರ್ ಒಬ್ಬರು ಅಲ್ಲಿಂದ ನನ್ನನ್ನು ಕೂಗಿದರು.

"ಮ್ಯಾಡಮ್, ಜರಾ ಇಕಡೆ ಯಾ. ಹೇ ತುಮ್ಚ್ಯಾಕಡ್ಚಂ ಆಹೇ ಕಾ?" ಇದು ನಿಮ್ಮ ಕಡೆಯದ್ದೇ ಎಂದು ಕೇಳುತ್ತಿದ್ದರು.

ತಾಡಪಾಲು ಅರ್ಧ ಸರಿಸಿದ್ದರು. ಮುಂಭಾಗ ನುಗ್ಗಾಗಿದ್ದ ಒಂದು ಬೂದು ಬಣ್ಣದ ಗಾಡಿ. ಎಡಗಡೆಯ ಮುಂದಿನ ಸೀಟಿನ ಎದುರು ಏರ್‌ಬ್ಯಾಗ್ ಎಂಬ ಗಾಳಿಚೀಲ ಹೊರಬಂದು ಜೋತುಬಿದ್ದಿತ್ತು. ಆ ಸೀಟಿನ ಬೆಲ್ಟು ಮಾತ್ರ ಬಾಗಿಲ ಪಕ್ಕದ ಕಂಬದಲ್ಲಿ ನೀಟಾಗಿ ಸುತ್ತಿಕೊಂಡಿತ್ತು, ಯಾರೂ ಎಳೆದೇ ಇರಲಿಲ್ಲ. ಎದುರಿನ ಗಾಜಿನಲ್ಲಿ ಒಳಗಿನಿಂದ ಹೊರಕ್ಕೆ ಉಬ್ಬಿದ ದುಂಡನೆಯ ಬಿರುಕು. ಸರ್ವೆಯರ್ ಪೆನ್ನಿನ ತುದಿಯಿಂದ ಬಕಲ್ಲನ್ನು ತೋರಿಸಿದರು. ಅದರಿಂದ ನೇತಾಡುತ್ತಿದ್ದದ್ದು ಕಂದು ಚರ್ಮದ ಪಟ್ಟಿ.

ಅಕ್ಷರ ನೋಡಿದೆ. ಆ ಮನೆಯವರು ನೆನಪಾದರು. ಒಳಗಿನ ಸಣ್ಣ ದೀಪಗಳ ಬಣ್ಣಕ್ಕಾಗಿ ಗಂಡ ಹೆಂಡತಿ ನನ್ನೆದುರೇ ಅರ್ಧ ದಿನ ಜಗಳವಾಡಿದ್ದರು. ಕೊನೆಗೆ ನೀಲಿ ಆರಿಸಿಕೊಟ್ಟವಳು ನಾನೇ.

ಸರ್ವೆಯರ್ ತಮ್ಮ ಪಾಡಿಗೆ ವಿವರಿಸುತ್ತಿದ್ದರು. ಬಕಲ್ಲಿನೊಳಗೆ ಒಂದು ಸೆನ್ಸರ್ ಇರುತ್ತದೆ. ಕ್ಲಿಪ್ಪು ಹಾಕಿದರೆ ಕೂತವರಿಗೆ ಬೆಲ್ಟಿನ ಹಿಡಿತವಿದೆ ಎಂದು ಗಾಡಿ ತಿಳಿದುಕೊಳ್ಳುತ್ತದೆ. ಗಾಳಿಚೀಲ ಬಿಚ್ಚಿಕೊಳ್ಳುವುದು ಆ ಲೆಕ್ಕದಲ್ಲಿ. ಆದರೆ ಬೆಲ್ಟಿಲ್ಲದ ಮೈ ಅಷ್ಟರೊಳಗೆ ಮುಂದೆ ಬಂದಿರುತ್ತದೆ, ಸಿಡಿಯುವ ಚೀಲಕ್ಕೆ ಎದುರಾಗಿ. ಮಡಿಲಲ್ಲಿ ಮಗುವಿದ್ದರೆ ಇಬ್ಬರ ನಡುವೆ ಸಿಕ್ಕುವುದು ಮಗು ಎಂದು, ಮಾತಿನ ನಡುವೆ ಎಂಬಂತೆ ಸೇರಿಸಿದರು.

ಈ ಸೀಟಿನಲ್ಲಿ ಯಾರು ಕೂತಿದ್ದರು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ, ಅಷ್ಟೇ. ನಮ್ಮ ಕಡೆಯದ್ದು ಹೌದೋ ಅಲ್ಲವೋ ಎಂಬುದಕ್ಕೆ ಏನು ಉತ್ತರ ಕೊಟ್ಟೆ ಎಂದು ಈಗ ನೆನಪಿಲ್ಲ. ಯಾರ್ಡಿನ ನಲ್ಲಿಯಲ್ಲಿ ಎರಡು ಸಲ ಕೈ ತೊಳೆದೆ. ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಕೂತ ಮೇಲೆ ಲೆಕ್ಕ ಹಾಕಲು ನೋಡಿದೆ, ಇಷ್ಟು ವರ್ಷದಲ್ಲಿ ಇಂಥ ಕ್ಲಿಪ್ಪು ಎಷ್ಟು ಮನೆಗೆ ಕೊಟ್ಟಿದ್ದೇನೆ ಎಂದು. ಲೆಕ್ಕ ಸಿಗಲಿಲ್ಲ. ಪಟ್ಟಿ ಬರೆದಿಡುವುದೇ ಕಸುಬಾದ ನಾನು ಅದಕ್ಕೊಂದು ಪಟ್ಟಿ ಇಟ್ಟಿರಲಿಲ್ಲ.

ಮರುದಿನ ಖಾನೆಯಲ್ಲಿದ್ದ ಕ್ಲಿಪ್ಪುಗಳನ್ನೆಲ್ಲ ಇಕ್ಕಳದಿಂದ ಬಗ್ಗಿಸಿ ಎಸೆದು, ಯಜಮಾನರಿಗೆ ಫೋನ್ ಮಾಡಿದೆ. ಕ್ಲಿಪ್ಪು ವಾಪಸು ಕೊಡಿ, ಮಕ್ಕಳ ಸೀಟು ಪಟ್ಟಿಗೆ ಸೇರಿಸೋಣ ಎಂದೆ. ಅವರಿಗೆ ನಗು ಬಂತು. "ಏನ್ ಮೇಡಂ, ಕೊಟ್ಟದ್ದನ್ನು ವಾಪಸ್ ಕೇಳ್ತೀರಾ? ಟೆನ್ಶನ್ ಬೇಡ. ನಮ್ಮ ಡ್ರೈವರ್ ನಲವತ್ತರ ಮೇಲೆ ಓಡಿಸುವುದೇ ಇಲ್ಲ." ಅಪಘಾತದ ಗಾಡಿಯ ವಿಷಯ ಹೇಳಹೊರಟಾಗ ಹತ್ತಿರವೇ ಇದ್ದ ಮ್ಯಾನೇಜರು ಕೈಸನ್ನೆ ಮಾಡಿ ತಡೆದರು. ಗಿರಾಕಿಯನ್ನು ಹೆದರಿಸಿದರೆ ಬುಕ್ಕಿಂಗ್ ಹೋಗುತ್ತದೆ, ನಾವು ಗಾಡಿ ಮಾರುವವರು, ಪೊಲೀಸರಲ್ಲ ಎಂದು ಹಿಂದಿಯಲ್ಲಿ ತಿಳಿಹೇಳಿದರು.

ಮೂರನೆಯ ಶನಿವಾರ ಅಜ್ಜಿಗೇ ಹೇಳಿ ನೋಡಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಕನಿಕರದಿಂದ ನನ್ನನ್ನು ನೋಡಿದರು. "ನಿನಗೆ ಮಕ್ಕಳಿಲ್ವಾ? ಅದಕ್ಕೇ ಹಾಗೆ ಹೇಳ್ತಿ. ನನ್ನ ಕೈಯಿಂದ ಮಗು ಜಾರ್ತದಾ?" ನನಗೆ ಮಕ್ಕಳಿಲ್ಲ. ಮಾತು ನಾಟಿತು. ಆದರೆ ಆ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟು ಪ್ರಯೋಜನವಿಲ್ಲ ಎಂಬುದೂ ಹೊಳೆಯಿತು. ಅವರು ಹೊರಡುವಾಗ ಡ್ರೈವರನ್ನು ಪಕ್ಕಕ್ಕೆ ಕರೆದೆ.

"ಮಗು ಎಷ್ಟು ತೂಕ ಇದೆ, ಗೊತ್ತಾ?"

"ಹದಿನೈದು ಕೆಜಿ ಐತ್ರೀ ಮೇಡಮ್ಮಾರ. ಮೊನ್ನೆ ಹೋಟೆಲ್ದಾಗ ಅಕ್ಕಿ ತೂಗೋ ಕಾಂಟಾ ಮ್ಯಾಲ ನಿಂತಿದ್ಳ್ರೀ, ಆಟಕ್ಕ."

"ನಾಳೆ ಫೈನಲ್ ಡ್ರೈವ್ ಇದೆ ಅಂತ ಅಜ್ಜಿಯನ್ನು ಕರ್ಕೊಂಡು ಬನ್ನಿ. ಮಗು ಬೇಡ. ಹದಿನೈದು ಕೆಜಿ ಅಕ್ಕಿ ಚೀಲದಲ್ಲಿ ಹೊಲಿದು ತನ್ನಿ."

ಅವರು ಯಾಕೆ ಎಂದು ಕೇಳಲಿಲ್ಲ. "ಆತ್ರೀ" ಎಂದರು.

ಭಾನುವಾರ ಬೆಳಿಗ್ಗೆ ಬಂದರಿನ ಕಡೆಯ ಆ ರಸ್ತೆಯಲ್ಲಿ ಒಂದು ಬದಿಗೆ ಟ್ರಕ್ಕುಗಳು ಸಾಲಾಗಿ ನಿಂತಿದ್ದವು, ಓಡಾಟ ಇರಲಿಲ್ಲ. ಡೆಮೊ ಗಾಡಿ ಡ್ರೈವರ್ ಕೈಯಲ್ಲಿತ್ತು. ನಾನು ಎಡಗಡೆ ಮುಂದೆ ಕೂತು, ಬೆಲ್ಟು ಹಾಕಿಕೊಂಡು, ಅಕ್ಕಿಚೀಲವನ್ನು ಮಡಿಲಿಗೆ ತೆಗೆದುಕೊಂಡೆ. ನಡುವಿನ ಸಾಲಿನ ಬಿಡಿ ಸೀಟಿನಲ್ಲಿ ಅಜ್ಜಿ, ಮೂಗಿನ ಹತ್ತಿರ ಒಂದು ನಿಂಬೆಹಣ್ಣು. ಎರಡು ಸೀಟುಗಳ ಸಂದಿಯಿಂದ ನನ್ನ ಕೈ ಅವರಿಗೆ ಕಾಣುವಂತೆ ಕೂರಿಸಿದ್ದೆ. ಯಾವಾಗ ಬ್ರೇಕ್ ಹಾಕಬೇಕೆಂಬುದನ್ನು ನನಗೂ ಹೇಳಬೇಡಿ ಎಂದು ಡ್ರೈವರಿಗೆ ಮೊದಲೇ ತಿಳಿಸಿದ್ದೆ.

"ಇದೆಂತ ನಾಟಕ?" ಎಂದು ಅಜ್ಜಿ ಕೇಳಿದರು. "ಇದು ಮಗು ಅಜ್ಜಿ. ನಾನು ನೀವು" ಎಂದೆ.

ಗಾಡಿ ನಲವತ್ತಕ್ಕೆ ಬಂತು. ಒಂದು ಟ್ರಕ್ಕು ಹಿಂದೆ ಹೋಯಿತು, ಇನ್ನೊಂದು ಹೋಯಿತು. ಊರಿನ ಮಾತು ತೆಗೆದರೆ ಅಜ್ಜಿಗೆ ಧೈರ್ಯ ಬರಬಹುದೆಂದು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಬ್ರೇಕು. ಬೆಲ್ಟು ಎದೆಗೆ ಕಚ್ಚಿ ಉಸಿರು ನಿಂತಿತು. ಚೀಲ ನನ್ನ ತೋಳುಗಳಿಂದ ಜಾರಿ, ಡ್ಯಾಶ್‌ಬೋರ್ಡಿಗೆ ಬಡಿದು ಕಾಲಬುಡಕ್ಕೆ ಬಿತ್ತು. ಹೊಲಿಗೆ ಬಿಚ್ಚಿ ಕುಚ್ಚಲಕ್ಕಿ ನನ್ನ ಚಪ್ಪಲಿಯ ಮೇಲೆಲ್ಲ ಹರಡಿತು. ಕೈಗಳು ಮಾತ್ರ ಚೀಲ ಹಿಡಿದ ಭಂಗಿಯಲ್ಲೇ ಇದ್ದವು.

ಹಿಂದಿನಿಂದ ಅಜ್ಜಿಯ ದನಿ. "ನೀನು ಸರಿ ಹಿಡಿಯಲಿಲ್ಲ. ಅಕ್ಕಿಯನ್ನು ಯಾರು ಮಗುವಿನ ಹಾಗೆ ಹಿಡೀತಾರೆ?"

ಇದಕ್ಕಿಂತ ಹೆಚ್ಚಿನದೇನೂ ನನ್ನ ಹತ್ತಿರ ಇರಲಿಲ್ಲ. ಆಗ ಡ್ರೈವರ್ ಸ್ಟೀರಿಂಗಿನಿಂದ ಕೈ ತೆಗೆದರು. "ಅಮ್ಮಾರ, ನಾ ಹಿಡಿತೀನ್ರೀ. ನಿಮ್ಮ ಹೋಟೆಲ್ದಾಗ ಎಷ್ಟ ವರ್ಷ ಮೂಟಿ ಹೊತ್ತೀನಿ, ನಿಮಗ ಗೊತ್ತೈತಲ್ರೀ."

ಅಕ್ಕಿಯನ್ನು ಬಾಚಿ ತುಂಬಿ ಚೀಲದ ಬಾಯಿ ಕಟ್ಟಿದೆವು. ಈ ಸಲ ಗಾಡಿ ನಾನು ಓಡಿಸಿದೆ, ಅವರು ಚೀಲವನ್ನು ಎದೆಗೆ ಅವುಚಿಕೊಂಡರು. ನಲವತ್ತರಲ್ಲಿ ಬ್ರೇಕ್ ಒತ್ತಿದೆ. ಚೀಲ ಜಾರಲಿಲ್ಲ. ಎಲ್ಲ ಕೆಟ್ಟುಹೋಯಿತಲ್ಲ ಎಂದುಕೊಂಡೆ. ಅಜ್ಜಿ "ನೋಡು" ಎಂದರು.

ಡ್ರೈವರ್ ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ತೋಳು ಹಿಂದಕ್ಕೆ ಚಾಚಿ ತೋರಿಸಿದರು. ನಡುಗುತ್ತಿದ್ದವು. "ಮೇಡಮ್ಮಾರ ಬ್ರೇಕ್ ಹಾಕ್ತಾರಂತ ಗೊತ್ತಿತ್ರೀ, ಅದಕ್ಕ ಹಿಡದೆ. ಆದ್ರೂ ಕೈ ನೋಡ್ರೀ ಹ್ಯಾಂಗ ಆಗ್ಯಾವು. ಇದು ಬರೇ ಬ್ರೇಕ್ ಐತಿ ಅಮ್ಮಾರ. ಎದುರಿಂದ ಗಾಡಿ ಬಂದು ಗುದ್ದಿದ್ರ ನನ್ನ ಕೈಲೆ ಆಗಂಗಿಲ್ರೀ. ಗುದ್ದೋ ಗಾಡಿ ಹೇಳಿ ಬರಂಗಿಲ್ಲ."

ಅಜ್ಜಿ ಇಳಿದು ಬಂದು ಮುಂದಿನ ಬಾಗಿಲು ತೆಗೆದು ಬಗ್ಗಿದರು. ನೆಲದ ಕಂಬಳಿಯಲ್ಲಿ ಉಳಿದಿದ್ದ ಅಕ್ಕಿಯನ್ನು ಒಂದೊಂದೇ ಕಾಳು ಹೆಕ್ಕಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ಅನ್ನವಾಗುವ ವಸ್ತುವನ್ನು ತುಳಿಯಬಾರದೆಂದು ನಮ್ಮ ಕಡೆಯವರೆಲ್ಲ ಮಾಡುವ ಕೆಲಸವೇ. ಆದರೆ ಅವರು ಅದನ್ನು ಬಹಳ ಹೊತ್ತು ಮಾಡಿದರು. ಕೊನೆಯ ಕಾಳು ಸಿಕ್ಕಿದ ಮೇಲೆ ಡ್ರೈವರನ್ನು ನೋಡಿ ಕೇಳಿದರು: "ನನ್ನ ಕೈ ನಿನ್ನ ಕೈಗಿಂತ ಗಟ್ಟಿಯಾ?"

ಡ್ರೈವರ್ ತಲೆ ತಗ್ಗಿಸಿದರು. ಅಜ್ಜಿ ನನ್ನ ಕಡೆ ತಿರುಗಿದರು. "ಆ ಮಕ್ಕಳ ಸೀಟು ಹಾಕಿಸು. ನಾನು ಹಿಂದೆ ಅವಳ ಹತ್ತಿರ ಕೂರ್ತೇನೆ. ವಾಂತಿ ಬಂದರೆ ಬರ್ಲಿ, ಸಾಯುದಿಲ್ಲ."

ಅಲ್ಲಿಂದ ಮುಂದಿನ ಕೆಲಸ ನನ್ನದು. ನನಗೆ ಬರುವುದು ಅದೊಂದೇ. ಸೋಮವಾರ ಪಟ್ಟಿಯನ್ನು ಮೊದಲಿನಿಂದ ಬರೆದೆ. ಏಳು ಸೀಟು ಹೋಗಿ ಆರಾಯಿತು, ಯಾಕೆಂದರೆ ಬಿಡಿ ಸೀಟನ್ನು ಮುಂದಕ್ಕೆ ಜರುಗಿಸಿಕೊಂಡರೆ ಅಜ್ಜಿಗೆ ರಸ್ತೆ ಕಾಣುತ್ತದೆ, ಹೊಟ್ಟೆ ತೊಳಸುವುದು ಕಡಿಮೆ. ನಡುವಿನ ಸಾಲಿಗೆ ಬೇರೆಯೇ ಎಸಿ ಕಿಂಡಿ. ಹಿಂದಿನ ಟಿವಿ ಪರದೆ ಎರಡೂ ರದ್ದು, ಓಡುವ ಗಾಡಿಯಲ್ಲಿ ಚಿತ್ರ ನೋಡಿದರೆ ಅಂಥವರಿಗೆ ವಾಂತಿ ಖಾತ್ರಿ. ಚಕ್ರ ಒಂದು ಅಳತೆ ಚಿಕ್ಕದು, ಕುಲುಕಾಟ ಕಡಿಮೆಯಾಗಲೆಂದು. ನಡುವಿನ ಸಾಲಿನ ಎಡಗಡೆಯ ಸೀಟಿನ ಸಂದಿಯಲ್ಲಿರುವ ಎರಡು ಉಕ್ಕಿನ ಕೊಂಡಿಗೆ ಸಿಕ್ಕುವ ಮಕ್ಕಳ ಸೀಟು. ಪರದೆ ಹೋದದ್ದಕ್ಕೆ ಯಜಮಾನರು ಗೊಣಗಿದರು. ಅಮ್ಮ ಹೇಳಿದ ಮೇಲೆ ಎದುರಾಡಲಿಲ್ಲ. ತಾರೀಕಿಗೆ ಎರಡು ದಿನ ಮೊದಲು ಸಹಿ ಬಿತ್ತು.

ಕ್ಲಿಪ್ಪು ಕೇಳಿದೆ. ಅಜ್ಜಿ ತಮ್ಮ ಚೀಲ ತಡಕಾಡಿ ಒಂದನ್ನು ಕೊಟ್ಟರು. ಇನ್ನೊಂದು ಮನೆಯಲ್ಲಿ ಎಲ್ಲೋ ಇರಬೇಕು, ಹುಡುಕಿ ಕಳಿಸುತ್ತೇನೆ ಎಂದರು. ಅದು ಬರಲಿಲ್ಲ. ನಾನು ಎರಡು ಸಲ ಜ್ಞಾಪಿಸಿ, ಮೂರನೆಯ ಸಲಕ್ಕೆ ಸಂಕೋಚವಾಗಿ ಸುಮ್ಮನಾದೆ.

ಗಾಡಿ ಬಂದು ಡೆಲಿವರಿಯ ದಿನ ಶೋರೂಮಿನ ಅಂಗಳದಲ್ಲಿ ಪೂಜೆ ನಡೆಯಿತು. ಬಾನೆಟ್ಟಿಗೆ ಕುಂಕುಮ, ಮಲ್ಲಿಗೆಯ ಹಾರ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಮಕ್ಕಳ ಸೀಟನ್ನು ಬೆಳಿಗ್ಗೆಯೇ ನಾನೇ ಕೂರಿಸಿ ಕೊಂಡಿ ಎಳೆದು ನೋಡಿದ್ದೆ. ಅಜ್ಜಿ ಅದರ ಪಕ್ಕದ ಸೀಟಿನಲ್ಲಿ ನಿಂಬೆಹಣ್ಣು ಹಿಡಿದು ಕೂತರು, ಹೆಂಡತಿ ಅವರ ಹಿಂದೆ. ಡ್ರೈವರ್ ಹಳೆಯ ಗಾಡಿಯಲ್ಲಿ ಹಿಂದೆ ಬರುವುದೆಂದಾಗಿತ್ತು. ಹೊಸ ಗಾಡಿಯನ್ನು ಮೊದಲ ಸಲ ದೇವಸ್ಥಾನಕ್ಕೆ ಓಡಿಸುವವರು ಯಜಮಾನರೇ, ಅದು ಪದ್ಧತಿ. ಅವರು ಸ್ಟೀರಿಂಗ್ ಮುಂದೆ ಕೂತು ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಅದರ ಎರಡೂ ಕೈಯನ್ನು ಸ್ಟೀರಿಂಗ್ ಮೇಲಿಟ್ಟರು. ಫೋಟೊ ತೆಗೆದರು. ಇದನ್ನೂ ಎಲ್ಲರೂ ಮಾಡುತ್ತಾರೆ. ನಾನೇ ಎಷ್ಟೋ ಫೋಟೊ ತೆಗೆದುಕೊಟ್ಟಿದ್ದೇನೆ.

ಫೋಟೊ ಮುಗಿಯಿತು. ಮಗು ಇಳಿಯಲಿಲ್ಲ. ಯಜಮಾನರು ಗಾಡಿ ಶುರು ಮಾಡಿದರು. ನಿಂಬೆಹಣ್ಣುಗಳು ಒಡೆದ ಸದ್ದು ಕೇಳಿತು. ಗಾಡಿ ಗೇಟಿನ ತನಕ ಬಂತು. ಟಿಂಗ್ ಟಿಂಗ್ ಸದ್ದು ಬರಲಿಲ್ಲ.

ಕಿಟಕಿಯಿಂದ ಬಗ್ಗಿ ನೋಡಿದೆ. ಡ್ರೈವರ್ ಸೀಟಿನ ಬಕಲ್ಲಿನಲ್ಲಿ ಕಂದು ಚರ್ಮದ ಪಟ್ಟಿ ನೇತಾಡುತ್ತಿತ್ತು. ಮಗುವಿನ ಮುಖ ಸ್ಟೀರಿಂಗಿನ ನಡುಭಾಗಕ್ಕೆ ಒಂದು ಗೇಣು ದೂರದಲ್ಲಿತ್ತು. ಗಾಳಿಚೀಲ ಇರುವುದು ಅದರೊಳಗೇ.

ನಮ್ಮಲ್ಲಿ ಗೇಟ್ ಪಾಸ್ ಇಲ್ಲದೆ ಯಾವ ಗಾಡಿಯೂ ಹೊರಗೆ ಹೋಗುವುದಿಲ್ಲ. ಹಳದಿ ಬಣ್ಣದ ಆ ಚೀಟಿ ನನ್ನ ಕೈಯಲ್ಲಿತ್ತು. ನಾನು ಅದನ್ನು ಮಡಚಿ ಕುರ್ತಾದ ಜೇಬಿಗೆ ಹಾಕಿಕೊಂಡೆ.

"ಸರ್, ಮಗು ಹಿಂದೆ ಕೂರಲಿ. ಆಮೇಲೆ ಪಾಸ್ ಕೊಡ್ತೇನೆ."

"ದೇವಸ್ಥಾನ ಇಲ್ಲೇ ಮಾಟುಂಗಾದಲ್ಲಿ ಮೇಡಂ. ಅಷ್ಟೇ ದೂರ."

"ಅಷ್ಟು ದೂರಕ್ಕೂ ಬೇಡ ಸರ್."

"ಮುಹೂರ್ತ ಮೀರ್ತಾ ಉಂಟು. ಒಳ್ಳೇ ದಿನ ನೀವು ಇಂಥ ಮಾತಾಡುದಾ?" ಅವರ ಕಿವಿ ಕೆಂಪಾಗಿತ್ತು. ಅಪಶಕುನ ನುಡಿದವಳಂತೆ ಪೂಜೆಗೆ ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರು ಓಡಿ ಬಂದು, ಪಾಸ್ ಕೊಡು ಎಂದು ಹಲ್ಲು ಕಚ್ಚಿ ಹೇಳಿದರು. ಮಗು "ಪಪ್ಪಾ, ಚಲೋ ನಾ" ಎಂದು ಹೊರಡಲು ಅವಸರಪಡಿಸುತ್ತ ಹಾರ್ನ್ ಒತ್ತಿತು. ನಾನು ಕೈಯನ್ನು ಮಾತ್ರ ಜೇಬಿನಿಂದ ತೆಗೆಯಲಿಲ್ಲ.

ಹಿಂದಿನ ಬಾಗಿಲು ತೆರೆಯಿತು. ಅಜ್ಜಿ ಒಂದು ಕಾಲನ್ನು ನೆಲಕ್ಕೆ ಇಟ್ಟಿದ್ದರು.

"ಮಗಾ, ಅವಳನ್ನು ಇಲ್ಲಿ ಕೊಡು. ಇಲ್ಲದಿದ್ದರೆ ನಾನು ಇಳೀತೇನೆ. ನೀವೇ ಹೋಗಿ ಬನ್ನಿ ದೇವಸ್ಥಾನಕ್ಕೆ."

ಯಜಮಾನರು ಮಗುವನ್ನು ನನ್ನ ಕೈಗೆ ತಳ್ಳಿದಂತೆಯೇ ಕೊಟ್ಟರು. ಅತ್ತು ಕೊಸರಾಡುತ್ತಿದ್ದ ಅದನ್ನು ಸೀಟಿನಲ್ಲಿ ಕೂರಿಸಿ, ಎರಡು ಹೆಗಲಿನ ಪಟ್ಟಿ ಹಾಕಿ, ಬೆರಳು ತೂರಿಸಿ ಬಿಗಿ ನೋಡಿದೆ. ಅಜ್ಜಿ ಒಂದು ಕೈಯಲ್ಲಿ ಮಗುವಿನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮ ಬೆಲ್ಟನ್ನು ತಾವೇ ಸಿಕ್ಕಿಸಿಕೊಂಡರು.

ಮುಂದಿನ ಕಿಟಕಿಗೆ ಬಂದು ಆ ಪಟ್ಟಿಯನ್ನು ತೋರಿಸಿದೆ. "ಸರ್, ಅದನ್ನೂ ಕೊಟ್ಟುಬಿಡಿ. ಅದು ಒಳ್ಳೆಯದಲ್ಲ."

ಅವರು ನನ್ನನ್ನು ನೋಡಲಿಲ್ಲ. ಎದುರಿನ ರಸ್ತೆ ನೋಡುತ್ತಲೇ ಹೇಳಿದರು. "ಅದು ನೀವೇ ಕೊಟ್ಟದ್ದಲ್ವಾ ಮೇಡಂ? ನಮ್ಮ ಹೆಸರು ಹೊಲಿಸಿ."

ಮಡಚಿದ ಹಳದಿ ಚೀಟಿಯನ್ನು ಬಿಡಿಸಿದೆ. ಪಾಸ್ ಕೊಟ್ಟೆ. ಗಾಡಿ ಯಾವ ಸದ್ದೂ ಮಾಡದೆ ಹೊರಗೆ ಹೋಗಿ ಬಸ್ಸುಗಳ ನಡುವೆ ಸೇರಿಕೊಂಡಿತು.

ಯಜಮಾನರು ದೂರು ಬರೆದರು. ತಿಂಗಳು ಕಳೆಯುವುದರೊಳಗೆ ನನ್ನನ್ನು ಪರದೆಯ ಮುಂದಿನಿಂದ ಎಬ್ಬಿಸಿ ವಡಾಲದ ಯಾರ್ಡಿಗೆ ಹಾಕಿದರು. ಬರುವ ಗಾಡಿ, ಹೋಗುವ ಗಾಡಿ ಬರೆದುಕೊಳ್ಳುವ ಕೆಲಸ. ಅಲ್ಲಿಗೆ ಒಂದು ಮಧ್ಯಾಹ್ನ ಡ್ರೈವರ್ ನನ್ನನ್ನು ಹುಡುಕಿಕೊಂಡು ಬಂದರು. ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಎರಡನೆಯ ಕ್ಲಿಪ್ಪು.

"ಅ‌ಮ್ಮಾರು ಕೊಟ್ಟಾರ್ರೀ. ಸಾಹೇಬ್ರಿಗೆ ಗೊತ್ತಿಲ್ಲ, ಹೇಳಬ್ಯಾಡ್ರೀ. ಸಣ್ಣಾಕಿ ದಿನಾ ತನ್ನ ಸೀಟಿನ್ಯಾಗ ಕೂಡ್ತಾಳ. ಅಮ್ಮಾರೂ ಹಿಂದ, ನಿಂಬಿಹಣ್ಣ ಮೂಸ್ಕೋತ."

ಅವರಿಗೆ ಚಹಾ ತರಿಸಿದೆ. ಈ ಸಲ ಕುರ್ಚಿಯ ಮೇಲೆ ಕೂತು ಕುಡಿದರು. ಅವರು ಹೋದ ಮೇಲೆ ಎರಡೂ ಕ್ಲಿಪ್ಪುಗಳನ್ನು ಇಕ್ಕಳದಿಂದ ಬಗ್ಗಿಸಿದೆ. ಬಹಳ ದಿನಗಳ ಮೇಲೆ ಅವತ್ತು ಹೊಟ್ಟೆತುಂಬ ಊಟ ಮಾಡಿದೆ.

ವಾರ ಬಿಟ್ಟು ಯಜಮಾನರ ಫೋನು. ಕೋಪವೆಲ್ಲ ಇಳಿದಿತ್ತು, ದನಿಯಲ್ಲಿ ಮೊದಲಿನ ಸಲಿಗೆಯಿತ್ತು. "ಆ ಕ್ಲಿಪ್ ಎಲ್ಲೋ ಕಳೆದುಹೋಗಿದೆ ಮೇಡಂ. ಟಿಂಗ್ ಟಿಂಗ್ ಶುರುವಾಗಿ ತಲೆ ಹಾಳಾಗಿದೆ. ಇನ್ನೊಂದು ಜೊತೆ ಕಳಿಸಿ, ನಿಮ್ಮ ಹತ್ತಿರ ರಾಶಿ ಉಂಟಲ್ಲ."

"ನನ್ನ ಹತ್ತಿರ ಇಲ್ಲ ಸರ್. ಬೆಲ್ಟು ಹಾಕಿಕೊಳ್ಳಿ. ಮಗಳಿದ್ದಾಳೆ ನಿಮಗೆ."

ಅವರು "ಹೂಂ" ಎಂದರು. ಕೇಳಿಸಿಕೊಂಡರೇನೋ ಎಂದು ಆಸೆಯಾಯಿತು.

"ಹೋಗ್ಲಿ ಬಿಡಿ" ಎಂದರು. "ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಒಬ್ಬ ಮಾರ್ತಾ ಇದ್ದ. ಅವನ ಹತ್ತಿರವೇ ತಗೊಳ್ತೇನೆ."

ಈಗಲೂ ವಡಾಲದಲ್ಲೇ ಇದ್ದೇನೆ. ಟೋ ಮಾಡಿದ ಗಾಡಿ ಬಂದಾಗ ಮೊದಲು ನಂಬರ್ ಬರೆದುಕೊಳ್ಳಬೇಕೆಂಬುದು ನಿಯಮ. ನಾನು ನಂಬರ್ ಆಮೇಲೆ ಬರೆಯುತ್ತೇನೆ. ಅದು ಆ ಮನೆಯವರ ಗಾಡಿಯ ಹಾಗೆ ಬಿಳಿಯದಾಗಿದ್ದರೆ, ಒಳಗೆ ಬರುವ ತನಕ ಕಾಯದೆ ಗೇಟಿಗೇ ಹೋಗುತ್ತೇನೆ. ಮುಂದಿನ ಬಾಗಿಲು ತೆಗೆದು, ಬಗ್ಗಿ, ಮೊದಲು ಬಕಲ್ಲು ನೋಡುತ್ತೇನೆ.